ಮಡಿಲಿಗೆ ಬಂದ ಮೊಲ



ಮಹದೇವಪುರದ ಬಹುಮಹಡಿ ಕಟ್ಟಡಗಳಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಲ್ಲಿ ಈಚೆಗೆ ಒಂದು ಹೊಸ ಚರ್ಚೆ ಕೇಳಿಬರುತ್ತಿದೆ. ಮಕ್ಕಳಿಗೆ ಮೊಲ ಬೇಕು. ಅದೂ ಮೈತುಂಬ ರೇಷ್ಮೆಯಂತಹ ಉದ್ದ ಕೂದಲಿರುವ ಮೊಲವೇ ಆಗಬೇಕು. ಅಂಗಡಿಯಿಂದ ಕೊಳ್ಳುವುದು ಬೇಡ, ಯಾರೋ ಸಾಕಲಾರದೆ ಬಿಟ್ಟುಹೋದ ಮೊಲವನ್ನು ಪ್ರಾಣಿಗಳ ಆಶ್ರಯಧಾಮದಿಂದ ದತ್ತು ತಂದು ಸಾಕೋಣ ಎಂಬುದು ತಂದೆತಾಯಿಯರ ಅಭಿಪ್ರಾಯ. ಮನೆಯ ಹಿರಿಯರು ಮಾತ್ರ, ಮನುಷ್ಯರಿಗೇ ಗತಿಯಿಲ್ಲದ ಕಾಲದಲ್ಲಿ ಮೊಲಕ್ಕೆ ದತ್ತು ಸ್ವೀಕಾರವೇ ಎಂದು ಹುಬ್ಬೇರಿಸುತ್ತಾರೆ.

ಹಿರಿಯರ ಈ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಅದಕ್ಕೆ ಉತ್ತರ ಹುಡುಕಹೊರಟರೆ ನಾವು ಬಹುದೂರ ಸಾಗಬೇಕಾಗುತ್ತದೆ. ಸ್ಪೇನ್ ದೇಶದ ಬಿಲಗಳಿಂದ ಹಿಡಿದು ಜರ್ಮನಿಯ ಯಾತನಾಶಿಬಿರಗಳವರೆಗೆ, ಅಲ್ಲಿಂದ ನಮ್ಮ ಬೆಂಗಳೂರಿನವರೆಗೆ ಈ ಸಾಧುಪ್ರಾಣಿಯ ಹೆಜ್ಜೆಗುರುತುಗಳಿವೆ. ದಯವಿಟ್ಟು ಸ್ವಲ್ಪ ತಾಳ್ಮೆಯಿಂದ ನನ್ನೊಡನೆ ಬನ್ನಿ.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಬೇಕು. ಕನ್ನಡದಲ್ಲಿ ಎರಡು ಬೇರೆ ಬೇರೆ ಪ್ರಾಣಿಗಳನ್ನು ನಾವು ಮೊಲವೆಂಬ ಒಂದೇ ಹೆಸರಿನಿಂದ ಕರೆಯುತ್ತೇವೆ. ನಮ್ಮ ನೆಲದ್ದು ಕಾಡುಮೊಲ. ಚಂದ್ರನ ಕಲೆಯಲ್ಲಿ ನಮ್ಮ ಪೂರ್ವಜರು ಕಂಡದ್ದು ಇದನ್ನೇ. ಅದರಿಂದಲೇ ಚಂದ್ರನಿಗೆ ಶಶಾಂಕನೆಂಬ ಹೆಸರು. ಬೇಟೆನಾಯಿಗಳನ್ನೇ ಅಟ್ಟಿಸಿಕೊಂಡು ಹೋಗಿ ವಿಜಯನಗರದ ಸ್ಥಾಪನೆಗೆ ಜಾಗ ತೋರಿಸಿತೆಂದು ಐತಿಹ್ಯ ಹೇಳುವುದೂ ಇದರ ಬಗ್ಗೆಯೇ. ಇದು ಬಿಲ ತೋಡುವುದಿಲ್ಲ. ಇದರ ಮರಿಗಳು ಬಯಲಿನಲ್ಲೇ, ಮೈಮೇಲೆ ರೋಮವಿದ್ದು ಕಣ್ಣು ತೆರೆದುಕೊಂಡೇ ಹುಟ್ಟುತ್ತವೆ. ಇದು ಎಂದೂ ಮನುಷ್ಯನಿಗೆ ಒಗ್ಗಿದ ಪ್ರಾಣಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇದನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಮಹದೇವಪುರ, ಹೂಡಿ, ಗರುಡಾಚಾರ್‌ಪಾಳ್ಯಗಳ ಸುತ್ತ ರಾಗಿಯ ಹೊಲಗಳೂ ಕೆರೆಯಂಗಳಗಳೂ ಇದ್ದ ದಿನಗಳಿಗೆ ಒಪ್ಪುವ ಮೊಲ ಅದು. 2007ರಲ್ಲಿ ಮಹದೇವಪುರ ನಗರಸಭೆಯು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಲೀನವಾಯಿತು. 2025ರಲ್ಲಿ ಪಾಲಿಕೆಯೇ ಒಡೆದು ಈ ಭಾಗವು ಬೆಂಗಳೂರು ಪೂರ್ವ ನಗರ ಪಾಲಿಕೆಗೆ ಸೇರಿತು. ಕಾಡುಮೊಲಕ್ಕೆ ಇಲ್ಲಿ ಈಗ ಅಡಗಲು ಪೊದೆಯಿಲ್ಲ.

ಪಂಜರದಲ್ಲಿ ಕುಳಿತು ಮೂಗು ಅಲುಗಿಸುವ ಸಾಕುಮೊಲದ ಮೂಲವೇ ಬೇರೆ. ಅದರ ತವರು ಸ್ಪೇನ್, ಪೋರ್ಚುಗಲ್ ಮತ್ತು ದಕ್ಷಿಣ ಫ್ರಾನ್ಸ್. ಅದು ಬಿಲವಾಸಿ, ಮರಿಗಳು ಹುಟ್ಟುವಾಗ ಕುರುಡು ಮತ್ತು ಬೆತ್ತಲೆ. ರೋಮನ್ನರು ಅದನ್ನು ಗೋಡೆ ಕಟ್ಟಿದ ತೋಟಗಳಲ್ಲಿ ಮಾಂಸಕ್ಕಾಗಿ ಇಟ್ಟುಕೊಳ್ಳುತ್ತಿದ್ದರು. ಬಾಲೆಯಾರಿಕ್ ದ್ವೀಪಗಳ ಜನರು ಮೊಲಗಳ ಕಾಟ ತಾಳಲಾರದೆ ಚಕ್ರವರ್ತಿ ಔಗುಸ್ತನಲ್ಲಿ ಸೈನ್ಯದ ನೆರವು ಬೇಡಿದರೆಂದು ಪ್ಲಿನಿ ದಾಖಲಿಸಿದ್ದಾನೆ. ಯೇಸುಸ್ವಾಮಿ ಜನಿಸಿದ ಕಾಲದಲ್ಲಿ ಜನಗಣತಿಗೆ ಆಜ್ಞೆಯಿತ್ತ ಅದೇ ಔಗುಸ್ತ. ಪವಿತ್ರ ನಾಡಿನಲ್ಲಿ ಮಾತ್ರ ಈ ಪ್ರಾಣಿ ಇರಲಿಲ್ಲ. ಯಾಜಕಕಾಂಡದಲ್ಲಿ ಬರುವುದು ಕಾಡುಮೊಲ.

ಇನ್ನು, ಈ ಮೊಲ ಮನೆಯ ಪ್ರಾಣಿಯಾದದ್ದು ಹೇಗೆ? ಇಲ್ಲಿ ನಮ್ಮ ಧರ್ಮಸಭೆಯ ಹೆಸರು ಬರುತ್ತದೆ. ಅನೇಕ ಪುಸ್ತಕಗಳಲ್ಲಿ ನೀವು ಈ ಕತೆಯನ್ನು ಓದಿರಬಹುದು: ಕ್ರಿ. ಶ. 600ರ ಸುಮಾರಿಗೆ ಜಗದ್ಗುರು ಮಹಾ ಗ್ರೆಗರಿಯವರು, ಹುಟ್ಟುವ ಮುನ್ನಿನ ಅಥವಾ ಆಗತಾನೇ ಹುಟ್ಟಿದ ಮೊಲದ ಮರಿಗಳು ಮಾಂಸವಲ್ಲ, ಮೀನಿಗೆ ಸಮಾನ, ಆದ್ದರಿಂದ ತಪಸ್ಸುಕಾಲದಲ್ಲಿ ತಿನ್ನಬಹುದು ಎಂದು ಅಪ್ಪಣೆ ಕೊಟ್ಟರಂತೆ. ಅಂದಿನಿಂದ ಫ್ರಾನ್ಸಿನ ಮಠವಾಸಿಗಳು ಮೊಲ ಸಾಕತೊಡಗಿದರಂತೆ. ಹೀಗೆ ಮೊಲ ಸಾಧುವಾಯಿತಂತೆ. ಕತೆ ಚೆನ್ನಾಗಿದೆ. ಮಠಗಳ ಜಾಣತನವನ್ನು ಹಾಸ್ಯ ಮಾಡುವವರಿಗೂ, ಮಠಗಳಿಂದಲೇ ನಾಗರಿಕತೆ ಬೆಳೆಯಿತೆನ್ನುವವರಿಗೂ ಅದು ಒಪ್ಪುವಂತಿದೆ. ಆದ್ದರಿಂದಲೇ ಯಾರೂ ಮೂಲವನ್ನು ತೆರೆದು ನೋಡಲಿಲ್ಲ.

2018ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು ಮೂಲವನ್ನು ತೆರೆದು ನೋಡಿದರು. ಅಂತಹ ಅಪ್ಪಣೆಯೇ ಇರಲಿಲ್ಲ. ಸಿಕ್ಕಿದ್ದು ಮತ್ತೊಬ್ಬ ಗ್ರೆಗರಿಯವರ ಬರಹ. ಇವರು 573ರಿಂದ 594ರವರೆಗೆ ತೂರ್ ನಗರದ ಧರ್ಮಾಧ್ಯಕ್ಷರಾಗಿದ್ದ ಇತಿಹಾಸಕಾರ ಗ್ರೆಗರಿ. ತಮ್ಮ ಕಾಲದ ರೊಕೊಲೆನ್ ಎಂಬ ದಂಡನಾಯಕನ ದುರ್ನಡತೆಯನ್ನೂ ಅವನು ಕಾಯಿಲೆಬಿದ್ದು ಸತ್ತುದನ್ನೂ ವರ್ಣಿಸುತ್ತಾ, ತಪಸ್ಸುಕಾಲದಲ್ಲಿಯೂ ಅವನು ಮೊಲದ ಮರಿಗಳನ್ನು ತಿನ್ನುತ್ತಿದ್ದನೆಂದು ಅವರು ಬರೆದಿದ್ದಾರೆ. ಅಷ್ಟೇ! ಒಬ್ಬ ದುಷ್ಟನ ಊಟದ ವಿವರವು ಯಾರದೋ ಕೈತಪ್ಪಿನಿಂದ ಜಗದ್ಗುರುಗಳ ಅಪ್ಪಣೆಯಾಗಿಬಿಟ್ಟಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಗಾದೆ ನಮ್ಮಲ್ಲಿದೆ. ವಿದ್ವಾಂಸರೂ ಮೂರು ಕಾಲಿನ ಮೊಲವನ್ನೇ ಹಿಡಿದುಕೊಂಡು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಾ ಬಂದಿದ್ದರು. ನಿಜ ಸಂಗತಿಯೆಂದರೆ ಮೊಲ ಒಂದು ದಿನದಲ್ಲಿ, ಒಂದು ಆಜ್ಞೆಯಿಂದ ಸಾಧುವಾಗಲಿಲ್ಲ. ಬೇಟೆ, ಬೇಲಿ, ಗೂಡು, ಮಡಿಲು ಎಂದು ಶತಮಾನಗಳ ಕಾಲ ಮೆಲ್ಲಮೆಲ್ಲನೆ ಹತ್ತಿರವಾಯಿತು. ಕಾಡಿನ ಮತ್ತು ಸಾಕಿದ ಮೊಲಗಳ ವಂಶವಾಹಿಗಳನ್ನು ಹೋಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಸೂಚಿಸುತ್ತದೆ: ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಅನೇಕ ಸಣ್ಣ ಸಣ್ಣ ಬದಲಾವಣೆಗಳು ಸೇರಿ, ಹೆದರಿಕೆಯ ಈ ಪ್ರಾಣಿಯ ಹೆದರಿಕೆ ಕಡಿಮೆಯಾಯಿತು. ಕಡಿಮೆಯಾಯಿತು, ಹೋಗಲಿಲ್ಲ. ಮೊಲ ಸಾಕುವವರು ಇದನ್ನು ಮರೆಯಬಾರದು.

ಉದ್ದಗೂದಲಿನ ಮೊಲಕ್ಕೆ ಅಂಗೋರಾ ಎಂದು ಹೆಸರು. ತುರ್ಕಿಯ ರಾಜಧಾನಿ ಅಂಕಾರಾ ನಗರದ ಹಳೆಯ ಹೆಸರದು. ಅಲ್ಲಿನ ಮೇಕೆ, ಬೆಕ್ಕುಗಳೂ ಉದ್ದಗೂದಲಿಗೆ ಹೆಸರಾದವು. ಮೊಲವನ್ನು 1723ರಲ್ಲಿ ನಾವಿಕರು ಅಲ್ಲಿಂದ ಫ್ರಾನ್ಸಿನ ಬೋರ್ಡೋ ಬಂದರಿಗೆ ತಂದರೆಂದು ಹೇಳುವುದುಂಟು. ಹದಿನೆಂಟನೆಯ ಶತಮಾನದಲ್ಲಿ ಫ್ರೆಂಚ್ ಸಿರಿವಂತರ ಮನೆಗಳಲ್ಲಿ ಅದು ಪ್ರೀತಿಯ ಸಾಕುಪ್ರಾಣಿಯಾಗಿತ್ತು; ಆಮೇಲೆ ಉಣ್ಣೆಯ ಆದಾಯಕ್ಕಾಗಿ ಗೂಡುಗಳಲ್ಲಿ ಬೆಳೆಯಿತು. ನಮ್ಮ ದೇಶದಲ್ಲಿ ಹಿಮಾಚಲದ ಕುಲ್ಲು ಕಣಿವೆಯ ಗಾರ್ಸಾ ಎಂಬಲ್ಲಿ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ಕೇಂದ್ರವೊಂದಿದ್ದು, ಜರ್ಮನ್ ಅಂಗೋರಾ ಮೊಲಗಳನ್ನು ಸಾಕಿದೆ. ಕುಲ್ಲುವಿನ ಚಳಿ ಎಲ್ಲಿ, ವೈಟ್‌ಫೀಲ್ಡ್ ರಸ್ತೆಯ ಬಿಸಿಲೆಲ್ಲಿ!

ಪ್ರಾಸಂಗಿಕವಾಗಿ ಒಂದು ಮಾತು. ಈ ಅಂಕಾರಾ ನಗರವೇ ರೋಮನ್ನರ ಗಲಾತ್ಯ ಪ್ರಾಂತ್ಯದ ರಾಜಧಾನಿಯಾಗಿದ್ದ ಅಂಕಿರಾ. ಸಂತ ಪೌಲರು ದೇವರು ನಮ್ಮನ್ನು ದತ್ತುಮಕ್ಕಳನ್ನಾಗಿ ಸ್ವೀಕರಿಸಿದ ವಿಚಾರವನ್ನು ಬರೆದದ್ದು ಗಲಾತ್ಯರಿಗೇ. ದತ್ತು ಎಂಬ ಮಾತನ್ನು ಮೊಲಕ್ಕೆ ಬಳಸುವಾಗ ಹಿರಿಯರಿಗೆ ಇರಿಸುಮುರಿಸಾಗುವುದು ಆ ಮಾತಿನ ತೂಕ ತಿಳಿದಿರುವುದರಿಂದಲೇ. ಆಶ್ರಯಧಾಮಗಳವರು ಆ ಪದವನ್ನು ಬಳಸುವುದು, ಇದು ಕೊಳ್ಳುವ ವ್ಯವಹಾರವಲ್ಲ, ಹೊಣೆ ಹೊರುವ ಕೆಲಸ ಎಂಬುದನ್ನು ತಿಳಿಸಲು. ಆ ಅರ್ಥದಲ್ಲಿ ನನಗೆ ಅದರ ಬಗ್ಗೆ ಆಕ್ಷೇಪವಿಲ್ಲ.

ಉದ್ದಗೂದಲಿನ ಗುಟ್ಟನ್ನು ಬಿಡಿಸಲು ನೆರವಾದವರೂ ಒಬ್ಬ ಮಠವಾಸಿ. ಆಗಸ್ಟೀನ್ ಸಭೆಯ ಯಾಜಕ ಗ್ರೆಗರ್ ಮೆಂಡೆಲ್ ಬ್ರನೋ ನಗರದ ಮಠದ ತೋಟದಲ್ಲಿ ಬಟಾಣಿ ಬೆಳೆದು, ಅನುವಂಶೀಯತೆಯ ನಿಯಮಗಳನ್ನು 1865ರಲ್ಲಿ ಮಂಡಿಸಿದರು. ಲೋಕ ಅವರನ್ನು ಗಮನಿಸಿದ್ದು 1900ರಲ್ಲಿ, ಅವರು ತೀರಿಕೊಂಡು ಹದಿನಾರು ವರ್ಷಗಳಾದ ಮೇಲೆ. 1903ರಲ್ಲಿ ಅಮೆರಿಕದ ವಿಲಿಯಂ ಕ್ಯಾಸಲ್ ಅದೇ ನಿಯಮಗಳನ್ನು ಅನ್ವಯಿಸಿ, ಅಂಗೋರಾ ಕೂದಲು ಸುಪ್ತ ಗುಣವೆಂದು ತೋರಿಸಿದರು. ತಂದೆತಾಯಿ ಎರಡೂ ಗಿಡ್ಡಗೂದಲಿನವಾಗಿದ್ದರೂ ಮರಿಗೆ ಉದ್ದಗೂದಲು ಬರಬಹುದು. ಕಾಡಿನಲ್ಲಿ ಅಂತಹ ಮರಿ ಉಳಿಯುವುದು ಕಷ್ಟ: ಮುಳ್ಳಿಗೆ ಸಿಕ್ಕುತ್ತದೆ, ಮಳೆಗೆ ತೊಯ್ದು ಗಂಟುಗಟ್ಟುತ್ತದೆ. ಬಾಚಣಿಗೆ ಹಿಡಿದ ಮನುಷ್ಯನ ಕೈ ಇದ್ದರೆ ಮಾತ್ರ ಅದಕ್ಕೆ ಬದುಕು. ಅಂದರೆ ನಾವು ನಮ್ಮನ್ನು ಬಿಟ್ಟು ಬಾಳಲಾರದ ಜೀವಿಯೊಂದನ್ನು ರೂಪಿಸಿದ್ದೇವೆ.

ಮೊಲಕ್ಕೆ ಆಶ್ರಯ ಕೊಟ್ಟವರ ಇತಿಹಾಸ ಪ್ರತ್ಯೇಕವಾಗಿಯೇ ಇದೆ. ವೇಲ್ಸ್ ದೇಶದ ಕನ್ಯೆ ಸಂತ ಮೆಲಾಂಜೆಲ್ ಕಾಡಿನಲ್ಲಿ ಪ್ರಾರ್ಥಿಸುತ್ತಿದ್ದಾಗ ರಾಜಕುಮಾರನ ನಾಯಿಗಳು ಅಟ್ಟಿಕೊಂಡು ಬಂದ ಕಾಡುಮೊಲವು ಆಕೆಯ ನಿಲುವಂಗಿಯ ಮರೆಯಲ್ಲಿ ಅಡಗಿತೆಂದೂ, ನಾಯಿಗಳು ಹಿಮ್ಮೆಟ್ಟಿದವೆಂದೂ, ರಾಜಕುಮಾರನು ಆ ಕಣಿವೆಯನ್ನೇ ಶರಣಾಗತರ ನೆಲೆಯಾಗಿ ಬಿಟ್ಟುಕೊಟ್ಟನೆಂದೂ ಐತಿಹ್ಯವಿದೆ. ಆಕೆಯ ಹೆಸರಿನ ಹಳೆಯ ದೇವಾಲಯ ಇಂದಿಗೂ ಅಲ್ಲಿದೆ. ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷ ಸಂತ ಅನ್ಸೆಲ್ಮರ ಕುದುರೆಯ ಕಾಲುಗಳ ನಡುವೆ ಮೊಲವೊಂದು ನುಗ್ಗಿದಾಗ ಅವರು ನಾಯಿಗಳನ್ನು ತಡೆದು ನಿಲ್ಲಿಸಿದರೆಂದು ಅವರ ಒಡನಾಡಿ ಈಡ್ಮರ್ ಬರೆದಿದ್ದಾನೆ. ಸುತ್ತಲಿದ್ದವರು ನಕ್ಕರಂತೆ, ಅನ್ಸೆಲ್ಮರು ಅತ್ತರಂತೆ.

ಇವೆಲ್ಲಕ್ಕಿಂತ ಮನಮುಟ್ಟುವುದು ಅಸ್ಸಿಸಿಯ ಸಂತ ಫ್ರಾನ್ಸಿಸರ ಪ್ರಸಂಗ. ಜಗದ್ಗುರು ಒಂಬತ್ತನೆಯ ಗ್ರೆಗರಿಯವರ (ಇವರು ಮೂರನೆಯ ಗ್ರೆಗರಿ, ಓದುಗರು ಗೊಂದಲಕ್ಕೊಳಗಾಗಬಾರದು) ಅಪೇಕ್ಷೆಯಂತೆ ಚೆಲಾನೋದ ಥಾಮಸ್ 1228-29ರಲ್ಲಿ ಬರೆದ ಜೀವನಚರಿತ್ರೆಯಲ್ಲಿ ಅದು ಬರುತ್ತದೆ. ಗ್ರೆಚ್ಚೋ ಎಂಬ ಊರಿನಲ್ಲಿ ಉರುಲಿಗೆ ಸಿಕ್ಕಿದ ಮೊಲದ ಮರಿಯೊಂದನ್ನು ಸಹೋದರನೊಬ್ಬ ತಂದುಕೊಟ್ಟ. ಫ್ರಾನ್ಸಿಸರು ಅದನ್ನು ಸಹೋದರನೆಂದೇ ಕರೆದು, ಹೀಗೇಕೆ ಮೋಸಹೋದೆ ಎಂದು ವಿಚಾರಿಸಿದರು. ಮರಿ ತಾನಾಗಿಯೇ ಅವರ ಮಡಿಲಿಗೆ ಬಂದು ಮಲಗಿತು. ಸ್ವಲ್ಪ ಹೊತ್ತು ತಾಯಿಯಂತೆ ಸವರಿ ಅವರು ಅದನ್ನು ನೆಲಕ್ಕೆ ಬಿಟ್ಟರು. ಅದು ಮರಳಿ ಬಂತು. ಮತ್ತೆ ಬಿಟ್ಟರು, ಮತ್ತೆ ಬಂತು. ಕೊನೆಗೆ ಅದನ್ನು ಹತ್ತಿರದ ಕಾಡಿಗೆ ಒಯ್ದು ಬಿಡಲು ಸಹೋದರರಿಗೆ ಹೇಳಿದರು. ಪೆರೂಜಾ ಬಳಿಯ ಸರೋವರದ ದ್ವೀಪದಲ್ಲಿಯೂ ಒಂದು ಮೊಲ ಅವರೊಡನೆ ಹೀಗೆಯೇ ನಡೆದುಕೊಂಡಿತೆಂದು ಥಾಮಸ್ ಹೇಳುತ್ತಾರೆ.

ಗಮನಿಸಿ, ಫ್ರಾನ್ಸಿಸರು ಮೊಲವನ್ನು ಇಟ್ಟುಕೊಳ್ಳಲಿಲ್ಲ. ಕಾಡಿನದನ್ನು ಕಾಡಿಗೆ ಕಳಿಸಿದರು. ಆದರೆ ಅಂಗೋರಾ ಮೊಲಕ್ಕೆ ಕಾಡು ಎಲ್ಲಿದೆ? ಸಾಕಿ ಬೇಸತ್ತು ಕೆರೆಯ ಏರಿಯ ಮೇಲೋ ಉದ್ಯಾನವನದಲ್ಲೋ ಬಿಟ್ಟುಬಂದು, ಸ್ವಾತಂತ್ರ್ಯ ಕೊಟ್ಟೆವೆಂದು ಸಮಾಧಾನಪಟ್ಟುಕೊಳ್ಳುವವರಿದ್ದಾರೆ. ಬೀದಿನಾಯಿಗಳಿಗೂ ಹದ್ದುಗಳಿಗೂ ಅದನ್ನು ಒಪ್ಪಿಸಿದಂತೆ, ಅಷ್ಟೇ.

ಈಗ ಈ ಇತಿಹಾಸದ ಅತ್ಯಂತ ಕಪ್ಪು ಪುಟವನ್ನು ತೆರೆಯಬೇಕಾಗಿದೆ. 1945ರಲ್ಲಿ ಜರ್ಮನಿ ಸೋತಾಗ ಅಮೆರಿಕದ ಪತ್ರಕರ್ತೆ ಸಿಗ್ರಿಡ್ ಶುಲ್ಟ್ಸ್ ಅವರಿಗೆ ನಾಜಿ ಪೊಲೀಸ್ ಪಡೆಗಳ ಮುಖ್ಯಸ್ಥ ಹೈನ್ರಿಖ್ ಹಿಮ್ಲರ್‌ಗೆ ಸೇರಿದ ಛಾಯಾಚಿತ್ರಗಳ ಸಂಪುಟವೊಂದು ದೊರೆಯಿತು. ಅದರ ಮೇಲೆ ಅಂಗೋರಾ ಎಂದು ಬರೆದಿತ್ತು. ಒಳಗೆ ಹಿಮದಂತೆ ಬಿಳುಪಾದ, ಕೊಬ್ಬಿದ, ಮುದ್ದಾದ ಮೊಲಗಳು. ಒಪ್ಪವಾಗಿ ಕಟ್ಟಿದ ಗೂಡುಗಳು. ವಾಯುಪಡೆಯ ಚಾಲಕರ ಬೆಚ್ಚನೆಯ ಉಡುಪಿನ ಉಣ್ಣೆಗಾಗಿ ನಾಜಿಗಳು ಈ ಮೊಲಗಳನ್ನು ಸಾಕಿದ್ದರು. 1943ರ ವೇಳೆಗೆ ಅವುಗಳ ಸಂಖ್ಯೆ ಸುಮಾರು 65,000. ಸಾಕಿದ್ದು ಎಲ್ಲಿ ಎನ್ನುವಿರಿ? ದಾಖಾವ್, ಬುಖೆನ್‌ವಾಲ್ಡ್, ಔಷ್‌ವಿಟ್ಸ್ ಮೊದಲಾದ ಯಾತನಾಶಿಬಿರಗಳಲ್ಲಿ! ಹಸಿವಿನಿಂದ ಸಾಯುತ್ತಿದ್ದ ಕೈದಿಗಳ ಕೈಯಿಂದಲೇ ಮೊಲಗಳಿಗೆ ಆಹಾರ ಹಾಕಿಸುತ್ತಿದ್ದರು. ಆ ಸಂಪುಟ ಈಗ ಅಮೆರಿಕದ ವಿಸ್ಕಾನ್ಸಿನ್ ಇತಿಹಾಸ ಸಂಘದಲ್ಲಿದೆ.

ದಾಖಾವ್ ಎಂದೊಡನೆ ನಮಗೆ ನೆನಪಾಗುವುದು ಅಲ್ಲಿನ ಯಾಜಕರ ಬ್ಯಾರಕ್ಕು. 2,700ಕ್ಕೂ ಹೆಚ್ಚು ಧರ್ಮಸೇವಕರು ಅಲ್ಲಿ ಸೆರೆಯಲ್ಲಿದ್ದರು. ಬಹುಪಾಲು ಕಥೋಲಿಕ ಯಾಜಕರು. ಅವರಲ್ಲಿ ಪೋಲೆಂಡಿನವರೇ ಹೆಚ್ಚು. ಸಾವಿರಕ್ಕೂ ಹೆಚ್ಚು ಮಂದಿ ಅಲ್ಲಿಯೇ ಪ್ರಾಣಬಿಟ್ಟರು. ಕಾರ್ಮೆಲ್ ಸಭೆಯ ಯಾಜಕ ತೀತುಸ್ ಬ್ರಾಂಡ್ಸ್ಮಾ 1942ರ ಜುಲೈ 26ರಂದು ಅಲ್ಲಿ ಚುಚ್ಚುಮದ್ದಿನಿಂದ ಕೊಲ್ಲಲ್ಪಟ್ಟರು. 2022ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. ಅದೇ ಶಿಬಿರದಲ್ಲಿ ಮೊಲಗಳ ಗೂಡುಗಳು ಶುಚಿಯಾಗಿದ್ದವು. ಪ್ರಾಣಿಗಳನ್ನು ಮುದ್ದಿಸುವವರೆಲ್ಲ ಮೃದುಹೃದಯಿಗಳೆಂದು ನಂಬುವವರು ಈ ಸಂಪುಟದ ಚಿತ್ರಗಳನ್ನು ಒಮ್ಮೆ ನೋಡಬೇಕು. ಹಿರಿಯರ ಪ್ರಶ್ನೆ ನಿಂತಿರುವುದು ಇಲ್ಲಿಯೇ ಎಂದು ನನಗನಿಸುತ್ತದೆ.

ಆದರೆ ಪ್ರಾಣಿದಯೆಯ ಸಂಘಗಳನ್ನು ಕಟ್ಟಿದವರು ಬೇರೆ ಜಾತಿಯ ಜನ. 1824ರಲ್ಲಿ ಲಂಡನ್ನಿನಲ್ಲಿ ಮೊದಲ ಪ್ರಾಣಿದಯಾ ಸಂಘ ಹುಟ್ಟಿದಾಗ ಅಲ್ಲಿದ್ದವರಲ್ಲಿ ಗುಲಾಮಗಿರಿಯ ವಿರುದ್ಧ ಹೋರಾಡಿದ ವಿಲಿಯಂ ವಿಲ್ಬರ್‌ಫೋರ್ಸ್ ಕೂಡ ಒಬ್ಬರು. ಅದನ್ನು ಕಟ್ಟಿದ ಆಂಗ್ಲಿಕನ್ ಪಾದ್ರಿ ಆರ್ಥರ್ ಬ್ರೂಮ್, ಸಂಘದ ಸಾಲಕ್ಕಾಗಿ ತಾವೇ ಸೆರೆಮನೆ ಸೇರಿದರು. ಕಲ್ಕತ್ತೆಯಲ್ಲಿ 1861ರಲ್ಲಿ ಇಂತಹ ಸಂಘ ಸ್ಥಾಪನೆಯಾಯಿತು. ಸ್ವತಂತ್ರ ಭಾರತದಲ್ಲಿ ನೃತ್ಯಕಲಾವಿದೆ ರುಕ್ಮಿಣೀದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಪಟ್ಟುಹಿಡಿದುದರ ಫಲವಾಗಿ 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಬಂದಿತು.

ಬೆಂಗಳೂರಿಗೆ ಈ ಕೆಲಸವನ್ನು ತಂದವರಲ್ಲಿ ಮರೆಯಬಾರದ ಹೆಸರು ಕ್ರಿಸ್ಟಲ್ ರೋಜರ್ಸ್. 1906ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಮಹಿಳೆ ದೆಹಲಿಯ ರಸ್ತೆಬದಿಯಲ್ಲಿ ನರಳುತ್ತಿದ್ದ ಕುದುರೆಯೊಂದನ್ನು ಕಂಡು ತಮ್ಮ ಮುಂದಿನ ಯೋಜನೆಗಳನ್ನೆಲ್ಲ ಕೈಬಿಟ್ಟು ಭಾರತದಲ್ಲೇ ಉಳಿದರು. 1959ರಲ್ಲಿ ದೆಹಲಿಯಲ್ಲಿ, 1980ರಲ್ಲಿ ಜೈಪುರದಲ್ಲಿ ಆಶ್ರಯಧಾಮಗಳನ್ನು ಕಟ್ಟಿದರು. 1991ರಲ್ಲಿ ಬೆಂಗಳೂರಿನಲ್ಲಿ ‘ಕ್ಯೂಪಾ’ ಎಂದೇ ನಾವು ಕರೆಯುವ ಸಂಸ್ಥೆಯನ್ನು ಆರಂಭಿಸಿದಾಗ ಅವರಿಗೆ ವಯಸ್ಸು ಎಂಬತ್ತೈದು! ನಮ್ಮಲ್ಲಿ ಅರವತ್ತಕ್ಕೇ ಎಲ್ಲ ಮುಗಿಯಿತೆನ್ನುವವರು ಎಷ್ಟು ಮಂದಿ! 1996ರಲ್ಲಿ ಅವರು ತೀರಿಕೊಂಡರು. ಅಂತಹವರ ಶ್ರಮದಿಂದ ನಾಯಿ, ಬೆಕ್ಕು, ದನಗಳಿಗೆಂದು ತೆರೆದ ಬಾಗಿಲುಗಳಿಗೆ ಈಗ ಮೊಲಗಳೂ ಬರುತ್ತಿವೆ.

ಅವು ಎಲ್ಲಿಂದ ಬರುತ್ತವೆ? ಸೆಪ್ಟೆಂಬರ್ ತಿಂಗಳಲ್ಲಿ ಮಾತೆ ಮರಿಯಮ್ಮನವರ ಹಬ್ಬಕ್ಕೆ ಶಿವಾಜಿನಗರದ ಬಸಿಲಿಕಕ್ಕೆ ಹೋದವರಿಗೆ ಗೊತ್ತು, ಅಲ್ಲೇ ಪಕ್ಕದ ರಸೆಲ್ ಮಾರುಕಟ್ಟೆಯ ಸುತ್ತಿನ ಬೀದಿಗಳಲ್ಲಿ ಪಂಜರದ ಹಕ್ಕಿಗಳ ಜೊತೆಗೆ ಮೊಲದ ಮರಿಗಳನ್ನೂ ಮಾರುವುದುಂಟು. ಮಗು ಕೈಚಾಚುತ್ತದೆ, ತಂದೆ ದುಡ್ಡು ಕೊಡುತ್ತಾನೆ. ಜೋಡಿ ಇರಲೆಂದು ಎರಡು ತಂದರೆ, ಮೂವತ್ತೊಂದು ದಿನಗಳಲ್ಲಿ ಮರಿ ಹಾಕುವ ಪ್ರಾಣಿ ಅದು. ಕೆಲವೇ ತಿಂಗಳಲ್ಲಿ ಬಾಲ್ಕನಿ ತುಂಬುತ್ತದೆ. ಉದ್ದಗೂದಲಿನದಾದರೆ ಕೂದಲು ಗಂಟುಗಟ್ಟಿ ಚರ್ಮ ಹುಣ್ಣಾಗುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಪಾಸ್ಖಹಬ್ಬಕ್ಕೆ ಮಕ್ಕಳಿಗೆ ಮೊಲದ ಮರಿ ಕೊಡುವ ರೂಢಿಯಿಂದಾಗಿ ಹಬ್ಬದ ನಂತರದ ತಿಂಗಳುಗಳಲ್ಲಿ ಆಶ್ರಯಧಾಮಗಳು ತುಂಬುತ್ತವೆ. ಪಾಸ್ಖಮೊಲದ ಈ ಆಚಾರಕ್ಕೂ ನಮ್ಮ ಪೂಜಾವಿಧಿಗೂ ಯಾವ ಸಂಬಂಧವೂ ಇಲ್ಲ. 1682ರ ಜರ್ಮನ್ ವೈದ್ಯರೊಬ್ಬರ ಬರಹದಲ್ಲಿ ಅದರ ಉಲ್ಲೇಖ ಸಿಗುತ್ತದೆ. ಅಮೆರಿಕದಲ್ಲಿ 1988ರಲ್ಲಿ ಮೊಲಗಳಿಗಾಗಿಯೇ ‘ಹೌಸ್ ರ್ಯಾಬಿಟ್ ಸೊಸೈಟಿ’ ಎಂಬ ಸಂಸ್ಥೆ ಹುಟ್ಟಿಕೊಂಡಿತು. ನಮ್ಮಲ್ಲಿ 2018ರ ನಿಯಮಗಳ ಪ್ರಕಾರ ಸಾಕುಪ್ರಾಣಿ ಮಾರುವ ಅಂಗಡಿಗಳು ನೋಂದಣಿ ಮಾಡಿಸಬೇಕು. ನಿಯಮ ಇದೆ, ಬೀದಿಯಲ್ಲಿ ಪಂಜರಗಳೂ ಇವೆ.

ಹಾಗಾದರೆ ಮನುಷ್ಯರಿಗೇ ಗತಿಯಿಲ್ಲದಿರುವಾಗ ಎಂಬ ಮಾತು? 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶವು 2416ರಿಂದ 2418ರವರೆಗಿನ ಕಂಡಿಕೆಗಳಲ್ಲಿ ಎರಡನ್ನೂ ಒಟ್ಟಿಗೇ ಹೇಳುತ್ತದೆ. ಪ್ರಾಣಿಗಳನ್ನು ವಿನಾಕಾರಣ ನೋಯಿಸುವುದು ಮಾನವ ಘನತೆಗೆ ವಿರುದ್ಧ. ಮನುಷ್ಯರ ಬವಣೆ ನೀಗಲು ಮೊದಲು ಸಲ್ಲಬೇಕಾದ ಹಣವನ್ನು ಅವುಗಳ ಮೇಲೆ ಸುರಿಯುವುದೂ ಯೋಗ್ಯವಲ್ಲ. 2015ರ ವಿಶ್ವಪತ್ರದಲ್ಲಿ ದಿವಂಗತ ಜಗದ್ಗುರು ಫ್ರಾನ್ಸಿಸರೂ, ಪ್ರಾಣಿಗಳಿಗಾಗಿ ಮರುಗುತ್ತಾ ಮನುಷ್ಯರ ಮಾರಾಟದ ಬಗ್ಗೆ ತಣ್ಣಗಿರುವವರನ್ನು ಎಚ್ಚರಿಸಿದ್ದಾರೆ. ಜೊತೆಗೇ, ಒಂದು ಜೀವಿಯ ಮೇಲಿನ ಕ್ರೌರ್ಯ ಮನುಷ್ಯರತ್ತಲೂ ಹರಿದುಬರುವುದೆಂದು ಹೇಳಿದ್ದಾರೆ. ನನ್ನ ಅಭಿಪ್ರಾಯವನ್ನು ಕೇಳುವುದಾದರೆ: ವಿದೇಶಿ ತಳಿಯ ಮರಿಯೊಂದಕ್ಕೆ ಸಾವಿರಾರು ರೂಪಾಯಿ ತೆತ್ತು ತರುವುದು ಬೇರೆ, ಈಗಾಗಲೇ ಹುಟ್ಟಿ ಅನಾಥವಾಗಿರುವ ಜೀವಿಗೆ ಮೂಲೆಯಲ್ಲೊಂದು ಜಾಗ ಕೊಡುವುದು ಬೇರೆ. ಮೊದಲನೆಯದು ಇನ್ನೂ ಹತ್ತು ಮರಿಗಳನ್ನು ಹುಟ್ಟಿಸುವ ವ್ಯಾಪಾರಕ್ಕೆ ಬಲ ಕೊಡುತ್ತದೆ. ಎರಡನೆಯದಕ್ಕೆ ಬೇಕಾದುದು ಹಣಕ್ಕಿಂತ ಹೆಚ್ಚಾಗಿ ಸಮಯ. ಮನೆಕೆಲಸದ ಹೆಣ್ಣುಮಗಳಿಗೆ ಸಂಬಳ ಹೆಚ್ಚಿಸಲು ಲೆಕ್ಕ ನೋಡುವ ಮನೆಯಲ್ಲಿ ಮೊಲಕ್ಕೆ ಆಮದು ಮಾಡಿದ ಆಹಾರ ಬರುತ್ತಿದ್ದರೆ, ಅಲ್ಲಿ ಅಜ್ಜಿಯ ಮಾತೇ ಸರಿ.

ತರುವುದೆಂದು ನಿಶ್ಚಯಿಸಿದವರು ಕೆಲವು ಸಂಗತಿಗಳನ್ನು ತಿಳಿದಿರಬೇಕು. ಮೊಲಕ್ಕೆ ಕ್ಯಾರೆಟ್ ಮುಖ್ಯ ಆಹಾರವಲ್ಲ, ಒಣಹುಲ್ಲು. ಅದರ ಹಲ್ಲು ಬಾಳಿನುದ್ದಕ್ಕೂ ಬೆಳೆಯುತ್ತದೆ. ಹುಲ್ಲನ್ನು ಅಗಿದೇ ಸವೆಯಬೇಕು. ಮೊಲ ತನ್ನ ಮೈಯನ್ನು ನೆಕ್ಕಿಕೊಳ್ಳುವಾಗ ಉದ್ದಗೂದಲು ಹೊಟ್ಟೆ ಸೇರುತ್ತದೆ, ಬೆಕ್ಕಿನಂತೆ ಅದಕ್ಕೆ ವಾಂತಿ ಮಾಡಲು ಬಾರದು. ಒಂದು ದಿನ ಮೇವು ಮುಟ್ಟದಿದ್ದರೂ ವೈದ್ಯರ ಬಳಿಗೆ ಓಡಬೇಕು. ವಾರದಲ್ಲಿ ಎರಡು ಮೂರು ಸಲ ಬಾಚಬೇಕು, ಸುಮಾರು ಮೂರು ತಿಂಗಳಿಗೊಮ್ಮೆ ಕೂದಲು ಕತ್ತರಿಸಬೇಕು. ಅದು ಬೆವರುವುದಿಲ್ಲ. ಮಾರ್ಚ್‌ನಿಂದ ಮೇವರೆಗೆ, ಬಿಸಿಲು ಬೀಳುವ ಬಾಲ್ಕನಿಯಲ್ಲಿ ಅಂಗೋರಾ ಮೊಲವನ್ನು ಇಟ್ಟರೆ ಒಂದು ಮಧ್ಯಾಹ್ನ ಸಾಕು, ಅದು ಸಾಯಲು. ತಂಪಾದ ಕೋಣೆಯಲ್ಲಿ, ಬಟ್ಟೆ ಸುತ್ತಿದ ಮಂಜುಗಡ್ಡೆಯ ಬಾಟಲಿಯೊಂದನ್ನು ಪಕ್ಕಕ್ಕಿಟ್ಟು ಮಲಗಿಸಬೇಕು. ಜೋಡಿಯಾಗಿದ್ದರೆ ಸಂತಾನಹರಣ ಚಿಕಿತ್ಸೆ ಮಾಡಿಸಬೇಕು. ಮೊಲದ ಚಿಕಿತ್ಸೆ ಬಲ್ಲ ಪಶುವೈದ್ಯರು ಎಲ್ಲೆಡೆ ಇಲ್ಲವಾದ್ದರಿಂದ ತರುವ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಆಶ್ರಯಧಾಮದವರೇ ದಾರಿ ತೋರಿಸುತ್ತಾರೆ.

ಚೆನ್ನಾಗಿ ನೋಡಿಕೊಂಡರೆ ಸಾಕುಮೊಲ ಎಂಟು ಹತ್ತು ವರ್ಷ ಬದುಕುತ್ತದೆ. ಇಂದು ಐದನೆಯ ತರಗತಿಯಲ್ಲಿರುವ ಮಗು ಅದಕ್ಕಾಗಿ ಹಟ ಹಿಡಿದಿದ್ದರೆ, ಮೊಲ ಮುದಿಯಾಗುವ ಹೊತ್ತಿಗೆ ಆ ಮಗು ಪದವಿ ಮುಗಿಸುತ್ತಿರುತ್ತದೆ. ನಡುವೆ ಹತ್ತನೆಯ ತರಗತಿಯ ಪರೀಕ್ಷೆ, ಊರು ಬದಲಾವಣೆ, ಬಾಡಿಗೆ ಮನೆಯ ಮಾಲೀಕರ ಆಕ್ಷೇಪ ಎಲ್ಲವೂ ಬರುತ್ತವೆ. ಆಶ್ರಯಧಾಮಕ್ಕೆ ಹೋಗುವ ಮುನ್ನ ಮನೆಮಂದಿಯೆಲ್ಲ ಒಂದು ಸಂಜೆ ಒಟ್ಟಿಗೆ ಕುಳಿತು, ಆ ವರ್ಷಗಳಲ್ಲಿ ಬಾಚಣಿಗೆ ಯಾರ ಕೈಯಲ್ಲಿರುತ್ತದೆ ಎಂದು ಮಾತನಾಡಿಕೊಳ್ಳಿ. ಅಜ್ಜಿಯನ್ನೂ ಕೂರಿಸಿಕೊಳ್ಳಿ, ಹಗಲಿಡೀ ಮನೆಯಲ್ಲಿರುವವರು ಅವರೇ.